ಕರಿ ಅಂಟು

ಪಡುಬೈಲಿನ ಗೊಬ್ಬರ ಕಾರ್ಖಾನೆಯಲ್ಲಿ ಒಂದು ನಟ್ಟು ತಿರುಗದೆ ಹೋದರೆ ಮೂರು ದಿನದ ಕೆಲಸ ಕೆಡುತ್ತಿತ್ತು. ಸಮುದ್ರ ಕೂಗಳತೆಯ ದೂರದಲ್ಲಿತ್ತು. ಉಪ್ಪು ಗಾಳಿಗೆ ಹೊಸ ಕಬ್ಬಿಣ ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತಿತ್ತು. ನಾಲ್ಕು ಮಳೆಗಾಲ ಕಳೆದರೆ ನಟ್ಟು ಎಲ್ಲಿ ಮುಗಿಯುತ್ತದೆ, ಬೋಲ್ಟು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದೇ ಕಷ್ಟ. ಹಿಂದೆ ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಿಚ್ಚುತ್ತಿದ್ದರು. ಅಮೋನಿಯಾ ಇರುವ ಕಡೆ ಬೆಂಕಿ ಹಚ್ಚಲೇಬಾರದು ಎಂಬ ಕಾನೂನು 2036ರಲ್ಲಿ ಬಂದ ಮೇಲೆ ಫಿಟ್ಟರುಗಳಿಗೆ ಉಳಿದದ್ದು ಎಣ್ಣೆ, ಸುತ್ತಿಗೆ ಮತ್ತು ರಟ್ಟೆಯ ಬಲ.

ಆ ರಟ್ಟೆಯ ಬಲವನ್ನು ನಂಬಿ ವಿಕ್ಟರ್ ಮೊಂತೇರೊ ಬಲಗೈಯ ಮೂರು ಬೆರಳು ಕಳೆದುಕೊಂಡ. ಪೈಪ್ ರೆಂಚಿನ ಹಿಡಿಗೆ ಉದ್ದದ ಕೊಳವೆ ಸಿಕ್ಕಿಸಿ ಜಗ್ಗುತ್ತಿದ್ದಾಗ ರೆಂಚು ಜಾರಿತು. ಪಕ್ಕದಲ್ಲಿದ್ದ ಐತಪ್ಪ ಕೋಟ್ಯಾನ್ ತನ್ನ ಅಂಗಿ ಬಿಚ್ಚಿ ಗೆಳೆಯನ ಕೈಗೆ ಸುತ್ತಿದ. ಮೂವತ್ತೊಂಬತ್ತು ವರ್ಷ ಇಬ್ಬರೂ ಜೋಡಿಯಾಗಿ ಪೈಪಿನ ಕೆಲಸ ಮಾಡಿದವರು. ವಿಕ್ಟರ್ ಮನೆ ಸೇರಿದ. ಐತಪ್ಪನಿಗೆ ನಿವೃತ್ತಿಗೆ ಇನ್ನೆರಡು ವರ್ಷವಿತ್ತು.

ಅದೇ ವರ್ಷ ಡಾಕ್ಟರ್ ಶಾಂಭವಿ ಹಂಚಿನಮನಿ ಕಾರ್ಖಾನೆಗೆ ಬಂದರು. ಗದಗದವರು, ಸೂಕ್ಷ್ಮಜೀವಿಗಳ ಮೇಲೆ ಹನ್ನೆರಡು ವರ್ಷ ಕೆಲಸ ಮಾಡಿದವರು. ಅವರು ತಂದ ಡಬ್ಬಿಯಲ್ಲಿ ಕಾಕಂಬಿಯಂಥ ಕಪ್ಪು ಅಂಟು ಇತ್ತು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಫಿಟ್ಟರುಗಳು ಎರಡೇ ದಿನದಲ್ಲಿ ಅದನ್ನು ಕರಿ ಅಂಟು ಎಂದು ಕರೆದರು.

ಮೊದಲ ಪರೀಕ್ಷೆಗೆ ಐತಪ್ಪನೇ ಒಂದು ವಾಲ್ವ್ ತೋರಿಸಿದ. ಅಮೋನಿಯಾ ಕಂಪ್ರೆಸರಿಗೆ ತಂಪು ನೀರು ಹೋಗುವ ಲೈನಿನ ಶುರುವಿನಲ್ಲಿ, ಕಾಂಕ್ರೀಟು ಹಲಗೆ ಮುಚ್ಚಿದ ಕಂದಕದ ಬಾಯಿಯಲ್ಲಿ ಅದು ಇತ್ತು. ಹನ್ನೊಂದು ವರ್ಷದಿಂದ ಯಾರ ಮಾತಿಗೂ ಅಲುಗಿರಲಿಲ್ಲ. ಶಾಂಭವಿ ಅಂಟನ್ನು ಬ್ರಷ್ಷಿನಲ್ಲಿ ಹಚ್ಚಿ, ಗಾಳಿ ಆಡದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ದಾರ ಕಟ್ಟಿದರು. ಮರುದಿನ ಹಾಳೆ ಬಿಚ್ಚಿ ಐತಪ್ಪ ಚಕ್ರಕ್ಕೆ ಕೈ ಹಾಕಿದ. ಎರಡು ಬೆರಳಿಗೆ ಅದು ತಿರುಗಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಐತಪ್ಪ ತಟ್ಟಲಿಲ್ಲ. ಎಂಟು ತಿಂಗಳು ಮೊದಲೇ ಇದು ಬಂದಿದ್ದರೆ ವಿಕ್ಟರನ ಬೆರಳು ಉಳಿಯುತ್ತಿತ್ತು ಎಂದು ಯೋಚಿಸುತ್ತ ತನ್ನ ಬಲಗೈ ನೋಡಿಕೊಂಡ.

"ಇದು ಕಬ್ಬಿಣಾ ತಿನ್ನೂದಿಲ್ರೀ ಐತಪ್ಪನವರ," ಎಂದರು ಶಾಂಭವಿ, ಲ್ಯಾಬಿನಲ್ಲಿ ಎರಡು ಬಾಟಲಿ ತೋರಿಸುತ್ತ. "ನಾವು ಗಾಳಿ ಉಸಿರಾಡತೀವಿ. ಈ ಜೀವಿಗಳು ತುಕ್ಕು ಉಸಿರಾಡತಾವ. ಗಟ್ಟಿ ತುಕ್ಕು ಕರಗಿ ನೀರಾಗತದ, ಒಳಗಿನ ಕಬ್ಬಿಣ ಹಂಗ ಉಳೀತದ. ಅಷ್ಟ."

"ಅದಕ್ಕೆ ಊಟ?"

"ಅಂಟಿನ್ಯಾಗ ಇಟ್ಟೀವಲ್ಲ. ಒಂದು ನಮೂನಿ ಸಕ್ರಿ. ಅದು ಮುಗೀತಂದ್ರ ಉಪವಾಸ. ಗಾಳಿ ತಾಗಿತಂದ್ರ ತಾಸಿನ್ಯಾಗ ಸಾಯ್ತಾವ. ನೋಡ್ರಿ."

ಒಂದು ಬಾಟಲಿಯ ಮುಚ್ಚಳ ತೆಗೆದಿಟ್ಟಿದ್ದರು. ಅದರೊಳಗಿನ ಕಪ್ಪು ಅಂಟು ಕಿತ್ತಳೆ ಬಣ್ಣಕ್ಕೆ ತಿರುಗಿ ಒಣಗಿತ್ತು. ಇನ್ನೊಂದರಲ್ಲಿ ಒಂದು ಹಳೆಯ ಮೊಳೆ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೂರು ಜಾಯಿಂಟುಗಳ ಮೇಲೆ ಪರೀಕ್ಷೆ ಮಾಡಿದ್ದೇವೆ, ಹಚ್ಚಿದ ಜಾಗ ಬಿಟ್ಟು ಒಂದು ಅಂಗುಲವೂ ಮುಂದೆ ಹೋಗಿಲ್ಲ ಎಂದರು. ಕೆಲಸ ಮುಗಿದ ಮೇಲೆ ಮಿಕ್ಕ ಅಂಟನ್ನು ಬ್ಲೀಚಿಂಗ್ ನೀರಿನ ಡ್ರಮ್ಮಿಗೆ ಹಾಕಬೇಕು, ಕಾರ್ಖಾನೆಯ ಗೇಟಿನಿಂದ ಆಚೆ ಒಂದು ಚಮಚವೂ ಹೋಗಕೂಡದು. ಈ ನಿಯಮದ ಕೆಳಗೆ ಎಲ್ಲ ಫಿಟ್ಟರುಗಳೂ ಸಹಿ ಹಾಕಿದರು.

ಐದು ತಿಂಗಳಲ್ಲಿ ಕಾರ್ಖಾನೆಯ ಲಯವೇ ಬದಲಾಯಿತು. ಸುತ್ತಿಗೆಯ ಸದ್ದು ನಿಂತಿತು. ಸೊಂಟ ಹಿಡಿದುಕೊಂಡು ಮನೆಗೆ ಹೋಗುವವರು ಕಡಿಮೆಯಾದರು. ಮೂವತ್ತು ವರ್ಷದ ಅನುಭವ ಬೇಡುತ್ತಿದ್ದ ಕೆಲಸವನ್ನು ಕೆಲಸಕ್ಕೆ ಸೇರಿ ಮೂರು ವಾರವಾದ ಹುಡುಗಿ ಬ್ರಷ್ಷು ಹಿಡಿದು ಮಾಡಿದಳು. ಕೆಲವು ಹಳಬರಿಗೆ ಇದು ಹಿಡಿಸಲಿಲ್ಲ. ಐತಪ್ಪನಿಗೆ ಅಂಥ ಬೇಸರವೇನೂ ಇರಲಿಲ್ಲ. ಬೆರಳು ಉಳಿಯುವುದಾದರೆ ಅನುಭವ ಹೋದರೆ ಹೋಗಲಿ ಎನ್ನುತ್ತಿದ್ದ.

ಅವನ ಮನೆ ಕಾರ್ಖಾನೆಯಿಂದ ಒಂದು ಮೈಲಿ. ಹೆಂಡತಿ ವಾರಿಜ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬಾವಿಯ ಪಂಪು ಕೆಟ್ಟು ಹದಿನೈದು ದಿನವಾಗಿತ್ತು. ಹೊಸ ಪಂಪು ಬಂದಿತ್ತು. ಆದರೆ ಹಳೆಯದನ್ನು ಪೈಪಿನಿಂದ ಬಿಚ್ಚಲು ಆಗುತ್ತಿರಲಿಲ್ಲ.

"ಕಾರ್ಖಾನೆಯ ಎಲ್ಲ ನಟ್ಟು ಬಿಚ್ಚುವವರಿಗೆ ಮನೆಯದ್ದು ಒಂದು ಆಗುದಿಲ್ವಾ?" ಎಂದು ಕೇಳಿದಳು ವಾರಿಜ, ಕೊಡ ಇಳಿಸುತ್ತ. "ನನ್ನ ತೋಳು ಬಿದ್ದುಹೋಯ್ತು ನೀರು ಸೇದಿ ಸೇದಿ."

ಮರುದಿನ ಐತಪ್ಪ ಮುಲಾಮಿನ ಖಾಲಿ ಡಬ್ಬಿಯೊಂದರಲ್ಲಿ ಚೂರು ಅಂಟು ತಂದ. ಗೇಟಿನಲ್ಲಿ ಯಾರೂ ಜೇಬು ನೋಡಲಿಲ್ಲ. ಹಚ್ಚಿ ಬಿಟ್ಟ, ಪಂಪು ಬಿಚ್ಚಿಕೊಂಡಿತು. ಹೊಸದು ಕೂತಿತು. ಟ್ಯಾಂಕಿನಲ್ಲಿ ನೀರು ತುಂಬಿದ ಸದ್ದಿಗೆ ವಾರಿಜ ನಕ್ಕಳು. ಆಮೇಲೆ ಆ ವಿಷಯವೇ ಅವನಿಗೆ ಮರೆತುಹೋಯಿತು.

ಎರಡು ತಿಂಗಳ ಬಳಿಕ ಒಂದು ಬೆಳಿಗ್ಗೆ ವಾರಿಜ ಪಂಪಿನ ಸ್ವಿಚ್ ಹಾಕಿದಳು. ಪಂಪು ಗುಂಯ್ ಎಂದಿತು; ಮರುಕ್ಷಣ ಟ್ಯಾಂಕಿಗೆ ಹೋಗುವ ಪೈಪು ಮಧ್ಯದಲ್ಲಿ ಬಿಟ್ಟುಕೊಂಡು ಗೋಡೆಗೆ ಬಡಿಯಿತು. ಅಂಗಳವೆಲ್ಲ ನೀರು. ಐತಪ್ಪ ಓಡಿಬಂದು ಸ್ವಿಚ್ ಆರಿಸಿದ. ಬಿದ್ದ ತುಂಡನ್ನು ಎತ್ತಿ ನೋಡಿದ.

ಜಾಯಿಂಟು ಒಡೆದಿರಲಿಲ್ಲ. ಕಳಚಿಕೊಂಡಿತ್ತು. ಅವನು ಅಂಟು ಹಚ್ಚಿದ್ದು ಪಂಪಿನ ಬುಡಕ್ಕೆ. ಇದು ಅಲ್ಲಿಂದ ಐದನೆಯ ಜಾಯಿಂಟು, ಮೂವತ್ತು ಅಡಿ ದೂರ. ಪೈಪಿನ ತುದಿಯಲ್ಲಿ ತಿರುಪಿನಂತೆ ಕೊರೆದ ಥ್ರೆಡ್ಡಿನ ಮೇಲೆ ತುಕ್ಕಿನ ಚೂರೂ ಇರಲಿಲ್ಲ. ಲ್ಯಾಬಿನ ಬಾಟಲಿಯ ಮೊಳೆಯಂತೆ ಹೊಳೆಯುತ್ತಿತ್ತು. ಆದರೆ ಥ್ರೆಡ್ಡಿನ ಏಣುಗಳು ಸವೆದು ಕೂದಲೆಳೆಯಷ್ಟೇ ಉಳಿದಿದ್ದವು. ಅರ್ಧ ಕಬ್ಬಿಣ ಎಂದೋ ತುಕ್ಕಾಗಿತ್ತು, ಆ ತುಕ್ಕೇ ಇಷ್ಟು ವರ್ಷ ಎರಡು ಪೈಪನ್ನು ಹಿಡಿದು ನಿಲ್ಲಿಸಿತ್ತು. ತುಕ್ಕು ಹೋಯಿತು, ಹಿಡಿತವೂ ಹೋಯಿತು.

ಅವನು ಉಗುರಿನಿಂದ ಥ್ರೆಡ್ಡಿನ ಸಂದಿಯನ್ನು ಕೆರೆದ. ಕಪ್ಪು ಕೆಸರು ಬಂತು. ಅಲ್ಲಿ ಸೆಣಬಿನ ನಾರು ಇರಬೇಕಿತ್ತು. ನೀರು ಸೋರದಂತೆ ಥ್ರೆಡ್ಡಿಗೆ ನಾರು ಸುತ್ತಿ, ಅಗಸೆ ಎಣ್ಣೆಯ ಪೇಂಟು ಬಳಿದು ಬಿಗಿಯುವುದು ಹಳೆಯ ಪದ್ಧತಿ. ಈ ಪೈಪಿಗೆ ಅವನೇ ಸುತ್ತಿದ್ದ. ನಾರಿನ ಎಳೆಯೂ ಉಳಿದಿರಲಿಲ್ಲ. ಪೈಪಿನ ಒಳಗೋಡೆಯ ತುಕ್ಕಿನ ಪದರದ ಅಡಿಯಲ್ಲಿ, ಗಾಳಿ ತಾಗದ ಜಾಗದಲ್ಲಿ, ಅದು ಜಾಯಿಂಟಿನಿಂದ ಜಾಯಿಂಟಿಗೆ ನಡೆದಿತ್ತು. ಪ್ರತಿ ಜಾಯಿಂಟಿನಲ್ಲೂ ಅದಕ್ಕೆ ಊಟ ಸಿಕ್ಕಿತ್ತು.

"ನಾವು ಇದೇ ನೀರು ಕುಡಿದದ್ದಲ್ವಾ?" ಎಂದಳು ವಾರಿಜ.

ಐತಪ್ಪನಿಗೆ ಅವಳ ಮಾತು ಕೇಳಿಸಿತು, ಆದರೆ ಅವನ ತಲೆಯಲ್ಲಿ ಇನ್ನೊಂದು ಪೈಪಿತ್ತು. ಮೊದಲ ಪರೀಕ್ಷೆಯ ವಾಲ್ವಿನಿಂದ ಮುಂದಕ್ಕೆ ಹೋಗುವ ಕಂದಕದ ಪೈಪು. ಮೂವತ್ತು ವರ್ಷದ ಹಿಂದಿನ ಮಳೆಗಾಲದಲ್ಲಿ ಆ ಲೈನು ಒಡೆದಾಗ ವೆಲ್ಡಿಂಗಿಗೆ ಅನುಮತಿ ಬರುವುದು ತಡವಾಗಿ, ಅವನೂ ವಿಕ್ಟರನೂ ಸೇರಿ ಥ್ರೆಡ್ಡಿನ ಪೈಪು ಹಾಕಿದ್ದರು. ತಾತ್ಕಾಲಿಕ ಎಂದಿದ್ದರು. ಹದಿನೆಂಟು ಜಾಯಿಂಟು. ಎಲ್ಲವಕ್ಕೂ ನಾರು.

"ಕುಡಿದದ್ದು ಹೌದು. ಮೇಡಂನ ಹತ್ರ ಕೇಳ್ತೇನೆ," ಎಂದು ಅವನು ಆ ತುಂಡನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡ.

"ಕೇಳಿದ್ರೆ ನೀವು ತಂದದ್ದು ಗೊತ್ತಾಗುದಿಲ್ವಾ?"

"ಗೊತ್ತಾಗ್ತದೆ."

ವಾರಿಜ ಒಲೆಯ ಕಡೆ ತಿರುಗಿದಳು. "ಚಾ ಕುಡಿದು ಹೋಗಿ," ಎಂದಳು. ಅವನು ಕುಡಿಯದೆ ಹೋದ.

ಲ್ಯಾಬಿನಲ್ಲಿ ಶಾಂಭವಿ ಪೇಪರು ಬಿಡಿಸಿ ಪೈಪಿನ ತುಂಡು ನೋಡಿದರು. ಕಪ್ಪು ಕೆಸರನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಜೀವಂತ ಅದಾವ," ಎಂದರು ಕೊನೆಗೆ. "ಎಲ್ಲಿಂದ ಬಂತಿದು?"

"ನನ್ನ ಮನೆಯದ್ದು. ನಾನೇ ಕೊಂಡೋದದ್ದು."

"ಸಹಿ ಮಾಡಿದ್ರಿ ನೀವು."

"ಮಾಡಿದ್ದೇನೆ. ತಪ್ಪು ನನ್ನದು. ನನ್ನನ್ನು ಆಮೇಲೆ ಬೈದ್ರೆ ಸಾಕು ಮೇಡಂ. ಮೊದಲು ಹೇಳಿ, ನೀವು ಪರೀಕ್ಷೆ ಮಾಡಿದ ಇನ್ನೂರು ಜಾಯಿಂಟಿನಲ್ಲಿ ನಾರಿನದ್ದು ಎಷ್ಟಿತ್ತು?"

ಶಾಂಭವಿ ತಲೆ ಎತ್ತಿದರು. "ನಾರು ಅಂದ್ರ?"

ಅವನು ವಿವರಿಸಿದ. ಶಾಂಭವಿ ಪರೀಕ್ಷೆಯ ಪಟ್ಟಿ ತಿರುವಿ ನೋಡಿದರು. "ನಮ್ಮವು ಎಲ್ಲಾ ಬಿಳಿ ಟೇಪಿನವು. ಪ್ಲಾಸ್ಟಿಕ್. ಅದನ್ನ ಇವು ತಿನ್ನೂದಿಲ್ಲ. ನಾರಂತೂ..." ಮಾತು ಪೂರ್ತಿ ಮಾಡದೆ ಅವರು ಕುರ್ಚಿಯಿಂದ ಎದ್ದರು. ಕುಡಿದ ನೀರಿನಿಂದ ಅಪಾಯವಿಲ್ಲ, ಹೊಟ್ಟೆಯಲ್ಲಿ ಅವು ಬದುಕುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದರು. ಐತಪ್ಪ ಮನೆಗೆ ಫೋನ್ ಮಾಡಿ ಅಷ್ಟನ್ನು ಮಾತ್ರ ತಿಳಿಸಿದ.

ನಿರ್ವಹಣಾ ವಿಭಾಗದ ಮ್ಯಾನೇಜರ್ ರತ್ನಾಕರ ಶೆಣೈ ನಕ್ಷೆ ಹರಡಿದರು. ನಕ್ಷೆಯಲ್ಲಿ ಆ ಲೈನು ಒಂದೇ ಉದ್ದಕ್ಕೆ, ಪೂರ್ತಿ ವೆಲ್ಡಿಂಗ್ ಎಂದಿತ್ತು.

"ನಕ್ಷೆ ಸುಳ್ಳು ಸಾರ್," ಎಂದ ಐತಪ್ಪ. "ಒಂದು ಹಲಗೆ ಎತ್ತಿಸಿ. ನೋಡಿ ಆಮೇಲೆ ನಂಬಿ."

ಹಲಗೆ ಎತ್ತಿದರು. ಒಳಗೆ ತೇವ, ಕೊಳೆತ ವಾಸನೆ. ಐತಪ್ಪ ಇಳಿದು ಎರಡು ಪೈಪು ಸೇರಿಸುವ ಮೊದಲ ಕಪ್ಲಿಂಗಿನ ಮೇಲೆ ಎರಡು ಬೆರಳಿಟ್ಟು, ಹಾಲಿನ ಪಾತ್ರೆಯ ಬಿಸಿ ನೋಡುವಷ್ಟು ಮೆಲ್ಲಗೆ ತಿರುಗಿಸಿದ. ಅದು ತಿರುಗಿತು. ತಕ್ಷಣ ಕೈ ತೆಗೆದ. ಪೈಪಿನೊಳಗೆ ನೀರು ಹರಿಯುತ್ತಲೇ ಇತ್ತು.

ಶೆಣೈಯವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಮೋನಿಯಾವನ್ನು ದೊಡ್ಡ ಟ್ಯಾಂಕಿನಲ್ಲಿ ಸೊನ್ನೆಗಿಂತ ಮೂವತ್ತಮೂರು ಡಿಗ್ರಿ ಕೆಳಗೆ ತಣ್ಣಗಿಟ್ಟಿದ್ದರು. ಅದು ಸದಾ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ; ಕಂಪ್ರೆಸರು ಆ ಆವಿಯನ್ನು ಒತ್ತಿ ಮತ್ತೆ ದ್ರವ ಮಾಡುತ್ತದೆ; ಕಂಪ್ರೆಸರಿಗೆ ತಂಪು ನೀರು ಬೇಕು. ನೀರು ನಿಂತರೆ ಕಂಪ್ರೆಸರು ನಿಲ್ಲುತ್ತದೆ. ಕೆಲವು ಗಂಟೆಗಳಲ್ಲಿ ಟ್ಯಾಂಕಿನ ಒತ್ತಡ ಏರಿ ಸುರಕ್ಷಾ ವಾಲ್ವ್ ತೆರೆಯುತ್ತದೆ, ಅಮೋನಿಯಾ ಊರಿನ ಮೇಲೆ ಹೋಗುತ್ತದೆ. ಬದಲಿ ಪಂಪಿತ್ತು, ಆದರೆ ಅದೂ ಇದೇ ಪೈಪಿಗೆ ಸೇರಿತ್ತು. ಟ್ಯಾಂಕು ಖಾಲಿ ಮಾಡಲು ಆರು ದಿನ ಬೇಕು. ಪಂಪು ನಿಲ್ಲಿಸಿ ಮತ್ತೆ ಶುರು ಮಾಡಿದರೆ ನೀರಿನ ಹೊಡೆತಕ್ಕೇ ಜಾಯಿಂಟುಗಳು ಕಳಚುತ್ತವೆ.

"ನೀರು ಹರಿಯುವಾಗಲೇ ಕ್ಲಾಂಪ್ ಹಾಕಬೇಕು," ಎಂದ ಐತಪ್ಪ. "ಎರಡು ಹೋಳಿನದ್ದು. ಸ್ಟೋರಿನಲ್ಲಿ ಉಂಟು. ಹದಿನೆಂಟಕ್ಕೂ."

ಶೆಣೈ ಜಿಲ್ಲಾಡಳಿತಕ್ಕೆ ಫೋನ್ ಮಾಡಿದರು. ಒಂಬತ್ತೂವರೆಗೆ ಶಾಲೆಗೆ ರಜೆ ಕೊಟ್ಟರು. ಗಾಳಿ ಬೀಸುವ ದಿಕ್ಕಿನ ನೂರಿಪ್ಪತ್ತು ಮನೆಗಳವರನ್ನು ಬಸ್ಸಿನಲ್ಲಿ ನಾಲ್ಕು ಮೈಲಿ ಆಚೆಯ ಇಗರ್ಜಿಯ ಸಭಾಂಗಣಕ್ಕೆ ಒಯ್ದರು. ವಾರಿಜ ಹೊಲಿಯುತ್ತಿದ್ದ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅಲ್ಲಿ ಕೂತು ಕೈಯಿಂದಲೇ ಗುಂಡಿ ಹೊಲಿದಳು. ಗಂಡ ಎಲ್ಲಿ ಎಂದು ಯಾರೋ ಕೇಳಿದಾಗ, "ಕೆಲಸದಲ್ಲಿದ್ದಾರೆ," ಎಂದಳು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಕಾರ್ಖಾನೆಯ ಜೀಪು ವಿಕ್ಟರನನ್ನು ಕರೆತಂದಿತ್ತು. ಅವನನ್ನು ಕರೆಸಿ ಎಂದದ್ದು ಐತಪ್ಪನೇ. ವಿಕ್ಟರ್ ಕಂದಕದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ನಕ್ಷೆಯನ್ನು ಮಡಚಿ ಪಕ್ಕಕ್ಕಿಟ್ಟ.

"ಐತ, ನಿನಗೆ ನೆನಪುಂಟಾ, ರಸ್ತೆಯ ಅಡಿಯಲ್ಲಿ ದೊಡ್ಡ ಪಾದೆಕಲ್ಲು ಅಡ್ಡ ಸಿಕ್ಕಿತ್ತು? ನಾವು ಪೈಪು ತಿರುಗಿಸಿದ್ದು?"

ಐತಪ್ಪ ಮೂರನೆಯ ಕ್ಲಾಂಪಿನ ಬೋಲ್ಟು ಬಿಗಿಯುತ್ತಿದ್ದ. ಅವನ ಕೈ ನಿಂತಿತು.

"ಎಲ್ಬೋ," ಎಂದ.

ನೇರ ಪೈಪಿನಲ್ಲಿ ನೀರು ಹಾಗೆಯೇ ಹರಿದು ಹೋಗುತ್ತದೆ. ಎಲ್ಬೋ ಹಾಕಿದ ತಿರುವಿನಲ್ಲಿ ಅದು ಪೈಪನ್ನೇ ಹೊರಗೆ ನೂಕುತ್ತದೆ. ಹಿಡಿತವಿಲ್ಲದ ಲೈನಿನಲ್ಲಿ ಮೊದಲು ಹೋಗುವುದು ತಿರುವೇ.

ಕಂದಕ ರಸ್ತೆ ದಾಟುವ ಕಡೆಯ ಹಲಗೆ ಎತ್ತಿದಾಗ ನೀರಿನ ತುಂತುರು ಮುಖಕ್ಕೆ ಹೊಡೆಯಿತು. ಎಲ್ಬೋ ಆಗಲೇ ಕಾಲು ಅಂಗುಲ ಹೊರಗೆ ಸರಿದಿತ್ತು. ಹೊಳೆಯುವ ಥ್ರೆಡ್ಡಿನ ಎರಡು ಸುತ್ತು ಕಾಣುತ್ತಿತ್ತು.

ಕಂಟ್ರೋಲ್ ರೂಮಿನಲ್ಲಿ ಶೆಣೈ ಎರಡು ಅಂಕಿಗಳನ್ನು ನೋಡುತ್ತ ನಿಂತಿದ್ದರು: ನೀರಿನ ಹರಿವು ಮತ್ತು ಕಂಪ್ರೆಸರಿನ ಬಿಸಿ. ಮೊದಲನೆಯದು ಇಳಿಯುತ್ತಿತ್ತು, ಎರಡನೆಯದು ಏರುತ್ತಿತ್ತು. ನೂರ ಹತ್ತು ಡಿಗ್ರಿಗೆ ಯಂತ್ರ ತಾನಾಗಿ ನಿಲ್ಲುತ್ತದೆ. ಈಗ ತೊಂಬತ್ತಾರು. ಅವರು ವಾಕಿಟಾಕಿಯಲ್ಲಿ ಅಂಕಿಗಳನ್ನು ಮಾತ್ರ ಹೇಳುತ್ತಿದ್ದರು. ಬೇರೆ ಏನು ಹೇಳಿದರೂ ಐತಪ್ಪನ ಕೈಗೆ ಭಾರ ಎಂದು ಅವರಿಗೆ ಗೊತ್ತಿತ್ತು.

"ತೊಂಬತ್ತೆಂಟು."

ಐತಪ್ಪ ಕಂದಕಕ್ಕೆ ಇಳಿದು ಎಲ್ಬೋಗೂ ಎದುರಿನ ಗೋಡೆಗೂ ಮಧ್ಯೆ ಜಾಕ್ ಇಟ್ಟ. ಜಾಕ್ ಜಾರಿತು. ಅದರ ಹಿಂದೆ ಗೋಡೆಗೆ ಮರದ ಹಲಗೆ ಒತ್ತಿಹಿಡಿಯಬೇಕಿತ್ತು. ಇಬ್ಬರು ದೊಡ್ಡಾಳುಗಳಿಗೆ ಒಳಗೆ ಜಾಗವಿರಲಿಲ್ಲ. ಶಾಂಭವಿ ಚಪ್ಪಲಿ ಬಿಟ್ಟು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಇಳಿದರು.

"ಮೇಡಂ, ಬೇಡ."

"ಮಾತು ಸಾಕು. ಎಲ್ಲಿ ಹಿಡೀಲಿ, ಹೇಳ್ರಿ."

ಅವರು ಬೆನ್ನು ಗೋಡೆಗೆ ಕೊಟ್ಟು ಮೊಣಕಾಲಿನಿಂದ ಹಲಗೆ ಒತ್ತಿದರು. ಐತಪ್ಪ ಜಾಕಿನ ಹಿಡಿಯನ್ನು ಚೂರು ಚೂರೇ ಒತ್ತಿದ. ಜೋರಾಗಿ ಒತ್ತಿದರೆ ಎಲ್ಬೋ ಓರೆಯಾಗಿ ಪೂರ್ತಿ ಹಾರುತ್ತದೆ. ನೀರು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಏನೂ ಕಾಣುತ್ತಿರಲಿಲ್ಲ.

"ನೂರ ಮೂರು."

"ಎಡಕ್ಕೆ ಎಳೀತಾ ಉಂಟು," ಎಂದ ವಿಕ್ಟರ್ ಮೇಲಿನಿಂದ. ಅವನಿಗೆ ಅಲ್ಲಿಂದ ಎಲ್ಬೋ ಸರಿಯಾಗಿ ಕಾಣುತ್ತಿತ್ತು. "ಜಾಕು ಒಂದು ಬೆರಳು ಬಲಕ್ಕೆ. ಹಾಂ. ಈಗ ಒತ್ತು. ನಿಲ್ಲಿಸು. ಇನ್ನೊಂದು ಸಲ."

"ನೂರ ಆರು."

ಎಲ್ಬೋ ಸರಿಯಿತು. ಥ್ರೆಡ್ಡಿನ ಒಂದು ಸುತ್ತು ಒಳಗೆ ಹೋಯಿತು. ಆಮೇಲೆ ಇನ್ನೊಂದು. ತುಂತುರು ಕಡಿಮೆಯಾಗಿ ಹನಿಯಾಯಿತು.

"ನೂರ ಆರು," ಎಂದರು ಶೆಣೈ. ಮತ್ತೆ, "ನೂರ ಐದು."

ಜಾಕನ್ನು ಅಲ್ಲೇ ಬಿಗಿದಿಟ್ಟು, ಉಳಿದ ಕ್ಲಾಂಪುಗಳನ್ನು ಹಾಕಿ ಮುಗಿಯುವಾಗ ಸಂಜೆ ನಾಲ್ಕೂಮುಕ್ಕಾಲು. ಒಂದು ಬೋಲ್ಟಿಗೂ ಸುತ್ತಿಗೆ ತಾಗಿಸಲಿಲ್ಲ. ಶಾಂಭವಿಯವರ ಮೊಣಕಾಲು ಊದಿಕೊಂಡಿತ್ತು. ಇಗರ್ಜಿಯ ಸಭಾಂಗಣದಿಂದ ಬಸ್ಸುಗಳು ವಾಪಸು ಬಂದವು. ಆರು ದಿನದಲ್ಲಿ ಟ್ಯಾಂಕು ಖಾಲಿಯಾಯಿತು. ಹೊಸ ಪೈಪು ಹಾಕುವವರೆಗೆ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು.

ವರದಿ ಬರೆಯುವ ದಿನ ಶಾಂಭವಿ ಐತಪ್ಪನನ್ನು ಲ್ಯಾಬಿಗೆ ಕರೆದರು.

"ಕಂದಕದ ಪೈಪು ಸಾಕು, ಸಾಕ್ಷಿಗೆ. ನಿಮ್ಮ ಮನಿ ಪೈಪಿನ ಸುದ್ದಿ ಬರೀಬೇಕಂತ ಏನಿಲ್ಲ. ನಿವೃತ್ತಿ ಹತ್ರ ಬಂದದ, ಯಾಕ ಸುಮ್ನ..."

ಐತಪ್ಪ ಈ ಬಗ್ಗೆ ಮನೆಯಲ್ಲೇ ಯೋಚಿಸಿದ್ದ. ಕೆಲಸದಿಂದ ತೆಗೆದರೆ ವಾರಿಜಳ ಹೊಲಿಗೆಯೇ ಗತಿ. ಹಾಗೆ ಹೇಳಿದಾಗ ಅವಳು, "ಯಂತ್ರಕ್ಕೆ ಎಣ್ಣೆ ಹಾಕಿ ಕೊಡಿ, ಸಾಕು," ಎಂದಿದ್ದಳು.

"ಬರೀರಿ ಮೇಡಂ," ಎಂದ. "ಡಬ್ಬಿಯಲ್ಲಿ ಕೊಂಡೋದದ್ದು ನಾನೊಬ್ಬನೇ ಅಂತ ನಿಮಗೆ ಕಾಣ್ತದಾ? ನಾನು ಬಾಯಿ ಮುಚ್ಚಿದ್ರೆ ಅವ್ರೂ ಮುಚ್ಚುತ್ತಾರೆ. ಪಂಪಿನ ಪೈಪು ಹೋದ್ರೆ ಹೋಗ್ಲಿ. ಗ್ಯಾಸಿನ ಪೈಪು? ತೊಟ್ಟಿಲು ತೂಗಿಸಿದ ಕೊಕ್ಕೆ?"

ಶಾಂಭವಿ ಬರೆದರು. ತಾವು ನಾರಿನ ಜಾಯಿಂಟನ್ನು ಪರೀಕ್ಷಿಸದೆ ಸುರಕ್ಷಿತ ಎಂದದ್ದನ್ನು ಮೊದಲ ಪುಟದಲ್ಲೇ ಬರೆದರು, ಐತಪ್ಪನದನ್ನು ಎರಡನೆಯ ಪುಟದಲ್ಲಿ. ಅವರ ಯೋಜನೆಯನ್ನು ತಡೆಹಿಡಿಯಲಾಯಿತು. ಐತಪ್ಪನಿಗೆ ಮೂರು ತಿಂಗಳ ಅಮಾನತು.

ಅಮಾನತಿನ ಆದೇಶ ಕೈಗೆ ಬಂದ ದಿನ ಮಧ್ಯಾಹ್ನ ಐತಪ್ಪ ಕಾರ್ಖಾನೆಯ ಕ್ಯಾಂಟೀನಿಗೆ ಹೋದ. ಊಟದ ಹೊತ್ತು, ಫಿಟ್ಟರುಗಳೆಲ್ಲ ಇದ್ದರು. ಬಾಗಿಲ ಬಳಿಯ ಮೇಜಿನ ಮೇಲೆ ತನ್ನ ಮುಲಾಮಿನ ಡಬ್ಬಿಯನ್ನು ಇಟ್ಟ.

"ನನ್ನದು ಇದು," ಎಂದ. "ನಾನು ಹಚ್ಚಿದ್ದು ಬಾವಿಯ ಪಂಪಿಗೆ. ಇನ್ನು ಯಾರದ್ದೆಲ್ಲ ಉಂಟು, ತನ್ನಿ. ಹೆಸರು ಬರೀಲಿಕ್ಕೆ ಇಲ್ಲ. ಹಚ್ಚಿದ ಜಾಗ ಮಾತ್ರ ಹೇಳ್ಬೇಕು."

ಯಾರೂ ಏಳಲಿಲ್ಲ. ಆಮೇಲೆ, ಬ್ರಷ್ಷು ಹಿಡಿದು ಕೆಲಸ ಕಲಿತಿದ್ದ ಆ ಹುಡುಗಿ ಎದ್ದು ಹೋಗಿ ತನ್ನ ಚೀಲದಿಂದ ಒಂದು ಶೀಷೆ ತಂದಿಟ್ಟಳು. "ಅಜ್ಜಿ ಮನೆಯ ಗ್ಯಾಸ್ ಸ್ಟವ್," ಎಂದಳು ತಲೆ ಎತ್ತದೆ. ಅವಳ ಹಿಂದೆ ಇನ್ನೊಬ್ಬ ಬಂದ. ದೋಣಿಯ ಇಂಜಿನ್, ಸೈಕಲ್ಲಿನ ಪೆಡಲು, ಶಾಲೆಯ ಉಯ್ಯಾಲೆ. ಉಯ್ಯಾಲೆ ಎಂದವನನ್ನು ಐತಪ್ಪ ಅಲ್ಲಿಂದಲೇ ಓಡಿಸಿದ, ಮೊದಲು ಅದನ್ನು ಕಟ್ಟಿಹಾಕಿ ಬಾ ಎಂದು. ಮೂಲೆಯಲ್ಲಿ ಕೂತ ಶಾಂಭವಿ ಒಂದೊಂದನ್ನೂ ಬರೆದುಕೊಂಡರು. ಸಂಜೆಯೊಳಗೆ ಮೇಜಿನ ಮೇಲೆ ಮೂವತ್ತನಾಲ್ಕು ಡಬ್ಬಿಗಳಾದವು.

ಫಿಟ್ಟರುಗಳೆಲ್ಲ ಹೋದ ಮೇಲೆ ರತ್ನಾಕರ ಶೆಣೈ ಬಂದರು. ಬಾಗಿಲಲ್ಲಿ ನಿಂತು ಹೊರಗೊಮ್ಮೆ ನೋಡಿ, ಪ್ಯಾಂಟಿನ ಜೇಬಿನಿಂದ ಶಾಯಿಯ ಚಿಕ್ಕ ಬಾಟಲಿ ತೆಗೆದು ಮೇಜಿನ ತುದಿಯಲ್ಲಿಟ್ಟರು.

"ಅಮ್ಮನ ಮನೆಯಲ್ಲಿ ಒಂದು ನಲ್ಲಿ ಉಂಟು," ಎಂದರು. "ಅದು... ತುಂಬ ದಿನದಿಂದ ತಿರುಗ್ತಾ ಇರ್ಲಿಲ್ಲ."

ಶಾಂಭವಿ ಪೆನ್ನು ಕೆಳಗಿಟ್ಟರು. ಐತಪ್ಪ ಬಾಟಲಿಯನ್ನು ಉಳಿದ ಡಬ್ಬಿಗಳ ಸಾಲಿಗೆ ಸರಿಸಿದ.

"ಟೇಪಿನದ್ದಾ ಸಾರ್, ನಾರಿನದ್ದಾ?"

"ಗೊತ್ತಿಲ್ಲ ಮಾರಾಯ. ಅಪ್ಪ ಇರುವಾಗ ಹಾಕಿಸಿದ್ದು."

"ಹಾಗಾದ್ರೆ ನಾರಿನದ್ದೇ," ಎಂದು ಐತಪ್ಪ ಬೆಂಚಿನ ಅಡಿಯಿಂದ ತನ್ನ ಚೀಲ ಎಳೆದುಕೊಂಡ. "ಕಾರು ತೆಗೀರಿ. ನನಗೆ ಹೇಗೂ ಮೂರು ತಿಂಗಳು ರಜೆ."